ರುದ್ರವ್ವನ ಒಟ್ಟು ಹಾರಾಟ

ಏಳು ಕಡಲು ದಾಟಿ ಹೋಗುವುದು ಬೇಡ, ಪುಣೆಯ ಮುಳಾ ನದಿ ದಾಟಿದರೆ ಸಾಕು. ಅಲ್ಲೊಂದು ವಾಕಡ ಎಂಬ ಪಟ್ಟಣ. ಆ ಪಟ್ಟಣದಲ್ಲೊಂದು ಹನ್ನೊಂದು ಅಂತಸ್ತಿನ ಅರಮನೆ. ಅರಮನೆಗೆ ಎರಡು ಲಿಫ್ಟು, ಅದರಲ್ಲೊಂದು ಸದಾ ಕೆಟ್ಟಿರುವುದು. ಏಳನೆಯ ಅಂತಸ್ತಿನಲ್ಲಿ ಒಬ್ಬ ಮಗನಿದ್ದ. ಮಗನಿಗೊಬ್ಬಳು ತಾಯಿ, ತಾಯಿಗೊಂದು ಹರಕೆ. ಆ ಹರಕೆಯ ದೆಸೆಯಿಂದ ಆ ಮನೆಯ ಹಂಚಿನ ಮೇಲೆ ಇಪ್ಪತ್ತೆರಡು ವರ್ಷದಿಂದ ಹೋಳಿಗೆ ಬೆಂದಿರಲಿಲ್ಲ. ಕಥೆ ಕೇಳುವವರು ಇಲ್ಲಿ ಒಮ್ಮೆ ಹೂಂಗುಟ್ಟಬೇಕು, ಯಾಕೆಂದರೆ ಇದಕ್ಕಿಂತ ದೊಡ್ಡ ದುಃಖ ಬೈಲಹೊಂಗಲದ ಕಡೆಯವರಿಗೆ ಇನ್ನೊಂದಿಲ್ಲ.

ಮಗನ ಹೆಸರು ಶಿವರುದ್ರಪ್ಪ. ಸೇನೆಯ ವಿಮಾನಗಳಿಗೆ ವಯಸ್ಸಾದಾಗ ಅವುಗಳ ಕಾಗದಪತ್ರ ಮುಗಿಸುವ ಕಚೇರಿಯೊಂದರಲ್ಲಿ ಅವನು ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದ. ಇಂಥ ನಂಬರಿನ ವಿಮಾನ, ಇಂಥ ವರ್ಷ ತಯಾರಾದದ್ದು, ಇಷ್ಟು ಗಂಟೆ ಹಾರಿದ್ದು, ಇಂಜಿನ್ ಇಳಿಸಿದೆ, ಸೀಟಿನಡಿಯ ಸಿಡಿಮದ್ದು ತೆಗೆದಿದೆ, ಇನ್ನು ಹಾರಲು ಯೋಗ್ಯವಲ್ಲ ಎಂದು ಫಾರ್ಮು ತುಂಬಿ ಕೆಳಗೆ ಸಹಿ ಮಾಡುವುದು ಅವನ ಕೆಲಸ. ಪೈಲಟ್ಟುಗಳು ವಿಮಾನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಅದನ್ನು ಕಾಯಮ್ಮಾಗಿ ಇಳಿಸುತ್ತಿದ್ದವನು ಶಿವರುದ್ರಪ್ಪ. ಹೀಗೆ ಒಟ್ಟು ಇನ್ನೂರ ಹದಿನಾಲ್ಕು ಯುದ್ಧವಿಮಾನಗಳು ಅವನ ಪೆನ್ನಿಗೆ ಬಿದ್ದಿದ್ದವು. ಯಾವ ಶತ್ರುಸೇನೆಗೂ ಇಷ್ಟು ಸಾಧ್ಯವಾಗಿರಲಿಲ್ಲ.

ಇಂಥ ಪರಾಕ್ರಮಿ ಇಪ್ಪತ್ತೆರಡು ವರ್ಷದ ಹಿಂದೆ ಊರಿನ ಮದುವೆಯೊಂದರಲ್ಲಿ ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ, ಆಕಾಶದಲ್ಲಿ ಬಿಳಿ ಗೆರೆ ಎಳೆಯುತ್ತ ವಿಮಾನವೊಂದು ಹೋಯಿತು. ಪಕ್ಕದ ಎಲೆಯ ಫಕೀರಪ್ಪ ಕಾಕಾ ತಲೆಯೆತ್ತಿ, "ನೀ ಹಾರಸೂ ವಿಮಾನೇನಲೇ ಅದು?" ಎಂದ. ಅಲ್ಲ ಎಂದಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ಮೂರು ಹೋಳಿಗೆ ಒಳಗಿಳಿದ ಮನುಷ್ಯ ಅಲ್ಲ ಎನ್ನುವ ಸ್ಥಿತಿಯಲ್ಲಿರುವುದಿಲ್ಲ.

"ನನ್ನ ಸಹಿ ಇಲ್ಲದ ಒಂದ್ ವಿಮಾನಾನೂ ಮಿಸುಕಂಗಿಲ್ಲ ಕಾಕಾ. ನೋಡಕೋತ ಇರ್ರಿ, ನಮ್ಮವ್ವನ್ನ ವಿಮಾನದಾಗ ಕುಂದರಸ್ತೀನಿ. ಟಿಕೀಟಿನ ವಿಮಾನ ಅಲ್ಲ, ಖರೇ ಯುದ್ಧದ್ದು."

ಪಂಕ್ತಿಯ ಆ ತುದಿಯಲ್ಲಿ ಕೂತಿದ್ದ ರುದ್ರವ್ವ ಕೈಯಲ್ಲಿದ್ದ ಹೋಳಿಗೆಯನ್ನು ಹಾಗೇ ಕೆಳಗಿಟ್ಟಳು. "ಎಲ್ಲಾರೂ ಕೇಳಿರಿಲ್ಲೋ? ನನ್ನ ಮಗ ಮಾತ ಕೊಟ್ಟಾನ. ಅದರಾಗ ಕುಂತ ಮ್ಯಾಲನ ನಾ ಹೋಳಿಗಿ ಮುಟ್ಟೂದು." ಎದ್ದು ಹೋಗಿ ಆ ಹೋಳಿಗೆಯನ್ನು ಆಕಳಿಗೆ ತಿನಿಸಿ ಬಂದಳು.

ಹರಕೆ ಹೊತ್ತವಳು ಅತ್ತೆ, ತೀರಿಸುತ್ತಿದ್ದವಳು ಸೊಸೆ. ಅತ್ತೆ ತಿನ್ನದ್ದನ್ನು ಸೊಸೆ ಮಾಡುವುದು ಹೇಗೆ? ನೀತಾ ಯುಗಾದಿಗೆ ಪಾಯಸ ಮಾಡಿದಳು, ಹೋಳಿಹುಣ್ಣಿಮೆಗೆ ಸಜ್ಜಿಗೆ ಮಾಡಿದಳು, ಮಾಡುವಾಗಲೆಲ್ಲ ಗಂಡನ ಕಡೆ ಒಂದು ನೋಟ ಬಿಟ್ಟಳು. ದೇವರು ಮಾತ್ರ ಎದುರು ಮನೆಯ ಚಿತ್ರಾತಾಯಿಯ ರೂಪದಲ್ಲಿದ್ದ. ಆಕೆ ಪ್ರತಿ ಹೋಳಿಹಬ್ಬಕ್ಕೆ ಪುರಣಪೋಳಿ ಎಂಬ ಮರಾಠಿ ಹೋಳಿಗೆ ತುಂಬಿದ ಡಬ್ಬಿಯನ್ನು ಗುಟ್ಟಾಗಿ ದಾಟಿಸುತ್ತಿದ್ದಳು. ಗಂಡಹೆಂಡತಿ ಅದನ್ನು ಲಿಫ್ಟಿನೊಳಗೆ ತಿನ್ನುತ್ತಿದ್ದರು. ಏಳರಿಂದ ತಳಕ್ಕಿಳಿದು ಮತ್ತೆ ಏಳಕ್ಕೇರುವಷ್ಟರಲ್ಲಿ ತಲಾ ಎರಡು ಮುಗಿಯಬೇಕು. ಎಷ್ಟನೆಯ ಅಂತಸ್ತಿನಲ್ಲಿ ತುಪ್ಪ ಸುರಿದುಕೊಳ್ಳಬೇಕು ಎಂಬುದು ಇಬ್ಬರಿಗೂ ಬಾಯಿಪಾಠವಾಗಿತ್ತು.

ಈ ಸಲದ ಹೋಳಿಯಂದು ಲಿಫ್ಟಿನ ಬಾಗಿಲು ತೆರೆದರೆ ಎದುರಿಗೆ ರುದ್ರವ್ವ ನಿಂತಿದ್ದಳು.

"ಮೀಸಿ ಒರಸ್ಕೋ," ಎಂದಳು.

"ಅವ್ವಾ, ಇದು ಚಿತ್ರಾತಾಯಿ ಒತ್ತಾಯ ಮಾಡಿ…"

"ತಿನ್ನಪಾ. ನಾ ಬ್ಯಾಡ ಅಂದೀನೇನ? ಒಂದ್ ಮಾತ ನೆನಪಿನಾಗ ಇಟಗೋ. ನನಗ ಎಂಬತ್ನಾಕ ಆದವು. ಹರಕಿ ತೀರದ ನಾ ಹೋದರ ನನ್ನ ದಿನಕರ್ಮದಾಗೂ ಹೋಳಿಗಿ ಮಾಡೂಹಂಗಿಲ್ಲ. ಬೈಲಹೊಂಗಲದ ಮಂದಿ ಇಷ್ಟ ದೂರ ಬಂದು ಬರೇ ಅನ್ನಾ ಸಾರ ಉಂಡ ಹೋಗಲಿ. ಯಾಕ ಅಂತ ಫಕೀರಪ್ಪ ಕೇಳತಾನ. ನೀನ ಹೇಳ."

ಶಿವರುದ್ರಪ್ಪ ಸಾವಿಗೆ ಹೆದರುವವನಲ್ಲ. ಆದರೆ ಬೈಲಹೊಂಗಲದವರು ಹೋಳಿಗೆಯಿಲ್ಲದೆ ಕೈತೊಳೆಯುವ ದೃಶ್ಯ ಕಣ್ಣಮುಂದೆ ಬಂತು. ಮರುದಿನವೇ ವಿಮಾನ ಹುಡುಕಲು ಹೊರಟ.

ಹೊರಟ ಮೇಲೆ ತಿಳಿಯಿತು, ತಾನು ಸಹಿ ಮಾಡಿದ ಮೇಲೆ ಅವೆಲ್ಲ ಎಲ್ಲಿಗೆ ಹೋದವು ಎಂದು ತಾನು ಒಮ್ಮೆಯೂ ಕೇಳಿರಲಿಲ್ಲ. ಫಾರ್ಮಿನ ಕೊನೆಯಲ್ಲಿ 'ವಿಲೇವಾರಿ' ಎಂದಿರುತ್ತಿತ್ತು. ಅದರಾಚೆಗೆ ಕಾಲಂ ಇರಲಿಲ್ಲ. ಕಾಲಂ ಇಲ್ಲದ ಸಂಗತಿಯನ್ನು ಯೋಚಿಸುವ ಅಭ್ಯಾಸ ಅವನಿಗಿರಲಿಲ್ಲ.

ಮೊದಲನೆಯದು ಒಂದು ಚೌಕದಲ್ಲಿ ಸಿಕ್ಕಿತು. ಎರಡಾಳೆತ್ತರದ ಸಿಮೆಂಟ್ ಕಂಬದ ತುದಿಯಲ್ಲಿ ಮೂಗು ಮೇಲೆತ್ತಿಕೊಂಡು ನಿಂತಿತ್ತು. ರುದ್ರವ್ವ ರಿಕ್ಷಾದಿಂದಿಳಿದು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.

"ಏನ ತಪ್ಪ ಮಾಡಿತ್ತಪಾ ಇದು? ಶೂಲಕ್ಕ ಏರಿಸ್ಯಾರ."

"ಶೂಲ ಅಲ್ಲವಾ, ಗೌರವ. ರಿಟೈರ್ ಆದ ಮ್ಯಾಲ ಹಿಂಗ ನಿಲ್ಲಸ್ತಾರ."

"ನೀನೂ ರಿಟೈರ್ ಆದೆಲ್ಲ. ನಿನ್ನ್ಯಾಕ ಏರಸಲಿಲ್ಲ?"

ಅಷ್ಟರಲ್ಲಿ ಟ್ರಾಫಿಕ್ ಪೊಲೀಸ ಸೀಟಿ ಊದಿದ. ಏಣಿಯ ವಿಷಯ ಕೇಳಿದ್ದಕ್ಕೆ ಅವನು ಕೊಟ್ಟ ಮರಾಠಿ ಉತ್ತರವನ್ನು ಇಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ.

ಎರಡನೆಯದರ ಸುಳಿವು ಬಾರಾಮತಿಯಲ್ಲಿ. ಹರಾಜಿನಲ್ಲಿ ಒಂದು ವಿಮಾನ ಕೊಂಡ ಕಬ್ಬಿನ ಧಣಿ ಅಲ್ಲಿದ್ದಾನೆಂದು ಯಾರೋ ಹೇಳಿದ್ದರು. ಎರಡು ಬಸ್ಸು ಬದಲಿಸಿ, ಎರಡರಲ್ಲೂ ಶಿವರುದ್ರಪ್ಪ ವಾಂತಿ ಮಾಡಿಕೊಂಡು, ತಾಯಿ ಮಗ ಹೊಲಕ್ಕೆ ಹೋಗಿ ನೋಡಿದರೆ ವಿಮಾನದ ಹೊಟ್ಟೆಗೆ ಕಟ್ಟುವ ಇಂಧನದ ಟ್ಯಾಂಕೊಂದು ಉದ್ದಕ್ಕೆ ಸೀಳಿಸಿಕೊಂಡು ಮಲಗಿತ್ತು. ಎರಡು ಎಮ್ಮೆಗಳು ಅದರಲ್ಲಿ ನೀರು ಕುಡಿಯುತ್ತಿದ್ದವು.

"ಉಳಿದದ್ದು ಎಲ್ಲಿ?" ಎಂದ ಶಿವರುದ್ರಪ್ಪ.

"ನಾನು ಕೊಂಡದ್ದು ಟ್ಯಾಂಕಷ್ಟೇ. ಉಳಿದದ್ದನ್ನು ಕರಗಿಸಿ ಪಾತೇಲಿ, ಪಾತ್ರೆ ಮಾಡಿದರಂತೆ," ಎಂದ ಧಣಿ. "ನಿಮ್ಮ ಮನೆಯಲ್ಲೂ ಒಂದಿರಬಹುದು, ನೋಡಿ."

ರುದ್ರವ್ವನಿಗೆ ಮಾತ್ರ ಸಮಾಧಾನವಾಯಿತು. "ಎಮ್ಮಿಗರೆ ಉಪಯೋಗ ಆತಲ್ಲ. ನಿನ್ನಗತೆ ಖಾಲಿ ಕೂತಿಲ್ಲ."

ಮೂರನೆಯದು ಭೋರ್ ರಸ್ತೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿತ್ತು. ಹುಡುಗರು ಬಿಚ್ಚಿ ಕಲಿಯಲೆಂದು ಸೇನೆ ಕೊಟ್ಟದ್ದು. ತನ್ನ ಚಕ್ರಗಳ ಮೇಲೆ ತಾನು ನಿಂತಿತ್ತು, ಗಾಜಿನ ಮುಚ್ಚಳ ತೆರೆಯುತ್ತಿತ್ತು, ಒಳಗೆ ಸೀಟಿತ್ತು. ಗೇಟಿನಾಚೆಯಿಂದ ಬಾಲದ ಮೇಲಿನ ಅಂಕಿ ಓದಿ ಶಿವರುದ್ರಪ್ಪನಿಗೆ ರೋಮಾಂಚನವಾಯಿತು. ಏಳುನೂರ ನಲವತ್ತೊಂದು. ಅವನ ಸಹಿಯ ಕೊನೆಯ ವರ್ಷದ್ದು. ಆದರೆ ಗೇಟಿನ ಕಾವಲುಗಾರ, "ಲಿಖಿತ ಅರ್ಜಿ ಕೊಡಿ," ಎಂದ.

ಅರ್ಜಿ ಎಂದರೆ ಶಿವರುದ್ರಪ್ಪನಿಗೆ ಆನೆಬಲ. ಆದರೆ ಮೂವತ್ತೊಂದು ವರ್ಷ ಅವನು ತುಂಬಿದ್ದು ಒಂದೇ ಫಾರ್ಮು. ಬೇರೆ ನಮೂನೆ ಅವನಿಗೆ ಬರುತ್ತಿರಲಿಲ್ಲ. ಮನೆಗೆ ಬಂದು ಕಪಾಟಿನಿಂದ ಹಳೆಯ ಖಾಲಿ ಫಾರ್ಮು ತೆಗೆದು, ಕನ್ನಡಕ ಏರಿಸಿ, ತಾಯಿಯ ವಿವರಗಳನ್ನು ಅಂದವಾಗಿ ತುಂಬಿದ.

ಹೆಸರು: ರುದ್ರವ್ವ. ತಯಾರಾದ ವರ್ಷ: ೧೯೪೧. ಸ್ಥಳ: ಬೈಲಹೊಂಗಲ. ಒಟ್ಟು ಹಾರಾಟ: ಸೊನ್ನೆ. ಬದಲಿಸಿದ ಭಾಗಗಳು: ಮುಂಭಾಗದ ಗಾಜು ಎರಡು, ಕೆಳಗಿನ ಕೀಲು ಎರಡು. ಈಗಿನ ಸ್ಥಿತಿ: ಮೈಕಟ್ಟು ಗಟ್ಟಿ, ಬೆಳಗಿನ ಹೊತ್ತು ಸದ್ದು ಹೆಚ್ಚು. ಉದ್ದೇಶ: ತಮ್ಮಲ್ಲಿರುವ ೭೪೧ರೊಂದಿಗೆ ಇರಿಸುವುದು.

ಮೇಲೆ ಅಚ್ಚಾಗಿದ್ದ 'ನಿವೃತ್ತ ವಿಮಾನ' ಎಂಬ ತಲೆಬರಹವನ್ನು ಅವನು ಹಾಗೆಯೇ ಬಿಟ್ಟ. ಫಾರ್ಮಿನ ಅಚ್ಚಿಗೆ ಕೈ ಹಚ್ಚಬಾರದು ಎಂಬುದು ಅವನ ಧರ್ಮ. ಅರ್ಜಿದಾರನಿಗೂ ಅರ್ಜಿಯ ವಸ್ತುವಿಗೂ ಏನು ಸಂಬಂಧ ಎಂಬ ಕಾಲಂ ಇರಲಿಲ್ಲ, ಆದ್ದರಿಂದ ಬರೆಯಲಿಲ್ಲ.

ನಾಲ್ಕನೆಯ ದಿನ ಕಾಲೇಜಿನ ಪ್ರಿನ್ಸಿಪಾಲ ಮೋಹನದಾಸ್ ಸ್ವತಃ ಫೋನು ಮಾಡಿದರು. ಮರಾಠಿಯಲ್ಲಿ ನಡೆದ ಮಾತುಕತೆ ಕನ್ನಡದಲ್ಲಿ ಹೀಗಿತ್ತು:

"ಸಾವಿರದ ಒಂಬೈನೂರ ನಲವತ್ತೊಂದು ಎಂದು ಬರೆದಿದ್ದೀರಿ. ಖಂಡಿತವೇ?"

"ದಾಖಲೆ ಇದೆ ಸಾಹೇಬರೇ."

"ಮಹಾಯುದ್ಧದ ಕಾಲದ್ದು," ಎಂದು ಮೋಹನದಾಸರು ಕುರ್ಚಿ ಸರಿಸಿ ಎದ್ದದ್ದು ಫೋನಿನಲ್ಲೂ ಕೇಳಿತು. "ಒಮ್ಮೆಯೂ ಹಾರಿಲ್ಲವೇ?"

"ಇಲ್ಲ ಸಾಹೇಬರೇ. ಅದೇ ಕೊರಗು."

"ಇಷ್ಟು ವರ್ಷ ಎಲ್ಲಿತ್ತು?"

"ಮನೆಯಲ್ಲೇ. ಮಳೆ ಬಿಸಿಲು ತಾಗದಂತೆ ನೋಡಿಕೊಂಡಿದ್ದೇವೆ."

"ಸ್ವಂತ ಬಲದಿಂದ ಚಲಿಸುವುದೇ?"

"ಹಿಡಿದುಕೊಂಡರೆ ನಿಧಾನಕ್ಕೆ. ಮೆಟ್ಟಿಲು ಆಗುವುದಿಲ್ಲ."

"ಚಿಂತೆ ಬೇಡ, ವಾಹನ ನಾವೇ ಕಳಿಸುತ್ತೇವೆ. ಪಾಡವಾ ದಿನ ಬರಲೇ? ಹೊಸ ವಸ್ತು ಮನೆಗೆ ತರಲು ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ."

ಶಿವರುದ್ರಪ್ಪನ ಕಣ್ಣು ತುಂಬಿ ಬಂತು. ಒಬ್ಬ ಮುದುಕಿಗಾಗಿ ವಾಹನ ಕಳಿಸುವ ಕಾಲೇಜೂ ಈ ಪುಣೆಯಲ್ಲಿದೆ ಎಂದು ಇಡೀ ಹೌಸಿಂಗ್ ಸೊಸೈಟಿಗೆ ಹೇಳಿಕೊಂಡು ಬಂದ.

ಪಾಡವಾ ಬಂತು. ನಮ್ಮ ಕಡೆಯವರ ಯುಗಾದಿ. ಕಿಟಕಿ ಕಿಟಕಿಗೆ ಗುಡಿ, ಅಂದರೆ ಸೀರೆ ಸುತ್ತಿ ತಂಬಿಗೆ ಕವುಚಿದ ಕೋಲು, ಏರಿತ್ತು. ಒಂಬತ್ತೂವರೆಗೆ ಗೇಟಿನಲ್ಲಿ ಭೂಮಿ ನಡುಗಿತು. ಇಪ್ಪತ್ತೆರಡು ಚಕ್ರದ ಟ್ರೇಲರ್ ಒಂದು, ಅದರ ಹಿಂದೆ ಕ್ರೇನು, ಎರಡರ ಮುಂದೆ ಚೆಂಡುಹೂವಿನ ಹಾರ ಹಿಡಿದ ಪ್ರಿನ್ಸಿಪಾಲ ಮೋಹನದಾಸ್.

"ವಿಮಾನ್ ಕುಠೇ ಆಹೆ?" ಎಂದು ಕೇಳಿದರು. ವಿಮಾನ ಎಲ್ಲಿದೆ ಎಂದು.

ಗೇಟಿಗೆ ಮೊದಲು ತಲುಪಿದವರು ಸೊಸೈಟಿಯ ಅಧ್ಯಕ್ಷ ಬಿಂದುಮಾಧವ. ಧಾರವಾಡದ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ನಿಯಮಾವಳಿಯ ಪುಸ್ತಕವನ್ನು ಸ್ನಾನಕ್ಕೆ ಹೋಗುವಾಗಲಷ್ಟೇ ಕೆಳಗಿಡುವವರು.

"ಶಿವರುದ್ರಪ್ಪನವರ, ನೀವು ಮನ್ಯಾಗ ವಿಮಾನ ಇಟಗೊಂಡೀರಿ ಅಂತ ಈ ಮಂದಿ ಹೇಳಾಕತ್ತಾರ. ನಿಯಮದಾಗ ಒಂದ್ ಕಾರು, ಎರಡು ಸ್ಕೂಟರ್ ಅದ. ವಿಮಾನದ್ದು ಕಾಲಂ ಇಲ್ಲ."

"ವಿಮಾನ ಇಲ್ಲರಿ ಸರ, ಅವ್ವ ಇದ್ದಾಳ."

"ಅವ್ವನ್ನ ಒಯ್ಯಾಕ ಇಪ್ಪತ್ತೆರಡು ಗಾಲಿ ಬೇಕೇನ್ರಿ?"

ಅಷ್ಟರಲ್ಲಿ ಬಾಲ್ಕನಿಗಳು ತುಂಬಿದ್ದವು. ಏಳನೆಯ ಅಂತಸ್ತಿನಲ್ಲಿ ವಿಮಾನವಿದ್ದರೆ ಇಳಿಸುವಾಗ ತಮ್ಮ ಗುಡಿಗೆ ತಾಗೀತು ಎಂದು ಆರನೆಯವರು ತಮ್ಮದನ್ನು ಒಳಗೆಳೆದುಕೊಂಡರು. ಚಿತ್ರಾತಾಯಿ, ಇಷ್ಟು ವರ್ಷ ಎದುರು ಮನೆಯಲ್ಲಿದ್ದೂ ತನಗೆ ಒಂದು ಮಾತು ಹೇಳಲಿಲ್ಲವಲ್ಲ ಎಂದು ನೀತಾಳ ಮೇಲೆ ಮುನಿಸಿಕೊಂಡಳು.

"ಏನ್ರಿ," ಎಂದಳು ನೀತಾ ಗಂಡನ ಕಿವಿಯಲ್ಲಿ, "ಏನ ಬರದ ಕೊಟ್ಟೀರಿ ಅವರಿಗೆ?"

"ಇದ್ದದ್ದನ್ನ ಬರದೀನಿ."

ಲಿಫ್ಟು ಟಿಂಗ್ ಎಂದಿತು. ಹಸಿರು ಇಳಕಲ್ ಸೀರೆ, ಹಣೆಗೆ ವಿಭೂತಿ, ಕೈಯಲ್ಲಿ ಕೋಲು. ರುದ್ರವ್ವ ಟ್ರೇಲರನ್ನು ಈ ತುದಿಯಿಂದ ಆ ತುದಿಗೆ ನೋಡಿದಳು, ಕ್ರೇನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

"ಇಷ್ಟೆಲ್ಲಾ ಯಾಕ ತರಾಕ ಹೋದ್ರಿ? ನಾ ಎಲ್ಲ್ಯರೆ ಒಂದ್ ಮೂಲ್ಯಾಗ ಕುಂದರತಿದ್ದೆ."

ಕ್ರೇನಿನವನ ಹೆಸರು ಮಾಂತು, ವಿಜಯಪುರದ ಕಡೆಯ ನಡುವಯಸ್ಸಿನವನು. ಕನ್ನಡ ಕೇಳಿದ್ದೇ ಇಳಿದು ಬಂದು, "ಅಮ್ಮಾರ, ವಿಮಾನ ಎಲ್ಲಿ ಅದರಿ?" ಎಂದ.

"ನನ್ನ ಕೇಳತಿಯಲ್ಲಪಾ. ಅದನ್ನ ನೋಡಾಕ ನಾ ಹೊಂಟೀನಿ."

ಮೋಹನದಾಸರು ಜೇಬಿನಿಂದ ಫಾರ್ಮು ತೆಗೆದು ಎಲ್ಲರೆದುರು ಗಟ್ಟಿಯಾಗಿ ಓದತೊಡಗಿದರು. ಮಾಂತು ಅದನ್ನು ಕನ್ನಡಕ್ಕಿಳಿಸುತ್ತ ಹೋದ.

"ಹೆಸರು, ರುದ್ರವ್ವ."

"ನಾನ."

"ನಲವತ್ತೊಂದರಾಗ ಬೈಲಹೊಂಗಲದಾಗ ತಯಾರಾದದ್ದು."

"ಹೌದ್ರಿ. ಸೂಲಗಿತ್ತಿ ಕಲ್ಲವ್ವ ತಯಾರ ಮಾಡಿದ್ಲು."

"ಮುಂದಿನ ಗಾಜು ಎರಡು ಬದಲಿಸಿದೆ."

"ಕಣ್ಣರಿ ಅವು. ಹೋದ ವರ್ಷ ಎರಡೂ ಆಪರೇಶನ್ ಆತು."

"ಕೆಳಗಿನ ಕೀಲು ಎರಡು."

ರುದ್ರವ್ವ ಕೋಲಿನಿಂದ ಮೊಣಕಾಲು ಕುಟ್ಟಿ ತೋರಿಸಿದಳು. ಮಾಂತುವಿನ ದನಿ ಇಳಿಯುತ್ತ ಬಂದಿತ್ತು. ಮೋಹನದಾಸರು ಕೊನೆಯ ಸಾಲು ತಮ್ಮಷ್ಟಕ್ಕೆ ಓದಿಕೊಂಡು ಫಾರ್ಮು ಮಡಚಿದರು. ಹಾರ ಹಿಡಿದ ಕೈ ಕೆಳಗಾಯಿತು.

"ನೀವು ಸೇನೆಯಲ್ಲಿ ಏನಾಗಿದ್ದಿರಿ?" ಎಂದರು ಮೋಹನದಾಸ್.

ಮಾಂತು ಅದನ್ನೂ ಕನ್ನಡಕ್ಕಿಳಿಸಿಬಿಟ್ಟ. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ತಾಯಿ ಕೇಳಿಸಿಕೊಳ್ಳುತ್ತಿದ್ದಳು, ಬಿಂದುಮಾಧವ ಕೇಳಿಸಿಕೊಳ್ಳುತ್ತಿದ್ದರು.

"ಗುಮಾಸ್ತ ಇದ್ದೆ ಅವ್ವಾ," ಎಂದ ಶಿವರುದ್ರಪ್ಪ. "ಒಂದನ್ನೂ ಹಾರಿಸಿಲ್ಲ. ಹಾರೂದು ಮುಗಿದ ಮ್ಯಾಲ, ಮುಗೀತು ಅಂತ ಬರೀತಿದ್ದೆ. ಅಷ್ಟ."

ರುದ್ರವ್ವ ಮಗನನ್ನು ಮೇಲಿಂದ ಕೆಳಗೆ ನೋಡಿದಳು.

"ಬಸ್ಸಿನ್ಯಾಗ ಕುಂತರ ವಾಂತಿ ಮಾಡ್ಕೊಳ್ಳಾಂವ ನೀ. ವಿಮಾನ ಹಾರಸ್ತಿ ಅಂತ ನಾ ಯಾವಾಗ ನಂಬಿದ್ದೆ?"

"ಮತ್ತ ಇಪ್ಪತ್ತೆರಡ ವರ್ಷ ಹೋಳಿಗಿ ಯಾಕ ಬಿಟ್ಟಿ?"

"ಮಂದ್ಯಾಗ ಸುಳ್ಳ ಹೇಳಿದ್ದಿ. ಅದನ್ನ ಖರೇ ಮಾಡಾಕ ನಿನಗ ಒಂದ್ ಅವಕಾಶ ಕೊಡಬೇಕಿತ್ತಲ್ಲ. ಇಷ್ಟ ತಡಾ ಮಾಡ್ತಿ ಅಂತ ಗೊತ್ತಿದ್ರ ಪೇಢೆ ಬಿಡತಿದ್ದೆ."

ನೀತಾ ಸೆರಗನ್ನು ಬಾಯಿಗೊತ್ತಿಕೊಂಡಳು. ಇಪ್ಪತ್ತೆರಡು ವರ್ಷದ ಸಜ್ಜಿಗೆ ಅವಳ ಕಣ್ಣಮುಂದೆ ಹಾದುಹೋಯಿತು.

ಅತ್ತ ಮೋಹನದಾಸರ ಫೋನು ಬಡಿದುಕೊಳ್ಳುತ್ತಿತ್ತು. ಕಾಲೇಜಿನಲ್ಲಿ ಪೆಂಡಾಲು ಏರಿತ್ತು, ಮುಖ್ಯ ಅತಿಥಿ ಬಂದು ಎರಡನೆಯ ಚಹಾ ಮುಗಿಸಿದ್ದರು, '೧೯೪೧ರ ರುದ್ರವ್ವ ಇವರಿಗೆ ಹಾರ್ದಿಕ ಸ್ವಾಗತ' ಎಂಬ ಬ್ಯಾನರು ಗೇಟಿನಲ್ಲಿ ತೂಗುತ್ತಿತ್ತು. ಖಾಲಿ ಟ್ರೇಲರ್ ಹಿಂದಕ್ಕೆ ಒಯ್ಯುವ ಧೈರ್ಯ ಅವರಿಗಿರಲಿಲ್ಲ. ಮುದುಕಿಯನ್ನು ನೋಡಿದರು, ಹಾರ ನೋಡಿದರು, ಬ್ಯಾನರು ನೆನೆದರು. ಅದರಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಿರಲಿಲ್ಲ.

"ಆಜೀ," ಎಂದರು, ಹಾರವನ್ನು ಅವಳ ಕೊರಳಿಗೆ ಹಾಕಿ, "ಚಲಾ." ಅಜ್ಜಿ, ನಡೆಯಿರಿ ಎಂದು.

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಪ್ರಿನ್ಸಿಪಾಲರ ಕಾರಿನಲ್ಲಿ ರುದ್ರವ್ವ. ಹಿಂದೆ ಕ್ರೇನು. ಅದರ ಹಿಂದೆ ಟ್ರೇಲರ್, ಅದರ ಮೇಲೆ ಏನೂ ಇರಲಿಲ್ಲ. ನೀತಾ ಹೊರಡುವ ಮೊದಲು ಎದುರು ಮನೆಯ ಬಾಗಿಲು ಬಡಿದಿದ್ದಳು. ಚಿತ್ರಾತಾಯಿ ಮುನಿಸು ಮರೆತು, ಹಂಚಿನಿಂದ ಆಗಷ್ಟೇ ಇಳಿದ ಪುರಣಪೋಳಿಗಳನ್ನು ಡಬ್ಬಿಗೆ ತುಂಬಿ ತಾನೂ ಕಾರಿನಲ್ಲಿ ತೂರಿಕೊಂಡಿದ್ದಳು. ಬಿಂದುಮಾಧವ ನಿಯಮಾವಳಿ ಸಮೇತ ಸ್ಕೂಟರಿನಲ್ಲಿ ಬಂದರು, ಇದು ಸೊಸೈಟಿಯ ಹೊರಗೆ ನಡೆಯುವ ಸಂಗತಿಯಾದ್ದರಿಂದ ತಮ್ಮ ಆಕ್ಷೇಪವಿಲ್ಲ ಎಂದು ಸಾಕ್ಷಿ ಹೇಳಲು.

ಕಾಲೇಜಿನ ಅಂಗಳದಲ್ಲಿ ಏಳುನೂರ ನಲವತ್ತೊಂದು ನಿಂತಿತ್ತು. ಮೂಗಿಗೆ ಕುಂಕುಮ ಹಚ್ಚಿದ್ದರು. ಹುಡುಗರು ಒಂದು ಬದಿಯ ಹೊದಿಕೆ ಬಿಚ್ಚಿದ್ದರಿಂದ ವೈರುಗಳೆಲ್ಲ ಕಾಣುತ್ತಿದ್ದವು. ರುದ್ರವ್ವ ಹತ್ತಿರ ಹೋಗಿ ಅದರ ಹೊಟ್ಟೆಯ ಮೇಲೆ ಕೈಯಾಡಿಸಿದಳು.

"ಇದಕ್ಕೂ ಆಪರೇಶನ್ ಆಗ್ಯಾವೇನ?"

"ಇಂಜಿನ್ ತಗದಾರವಾ. ಚಲೋ ಇದ್ದ ಭಾಗ ಬ್ಯಾರೆ ವಿಮಾನಕ್ಕ ಹಾಕ್ಯಾರ."

"ದಾನ ಮಾಡೇದ ಅಂದಂಗಾತು."

ಆದರೆ ಹತ್ತುವುದು ಹೇಗೆ? ಕಬ್ಬಿಣದ ಏಣಿಗೆ ಒಂಬತ್ತು ಮೆಟ್ಟಿಲು, ರುದ್ರವ್ವನ ಕೀಲಿಗೆ ಮೂರೇ. ಎಲ್ಲರೂ ಏಣಿ ನೋಡುತ್ತ ನಿಂತಾಗ ಮಾಂತು ಮಾತ್ರ ತನ್ನ ಕ್ರೇನು ನೋಡಿದ.

"ಬಾಡಿಗಿ ಇಡೀ ದಿನದ್ದು ಆಗೇದರಿ. ಏನರೆ ಒಂದ್ ಎತ್ತಬೇಕಲ್ಲ."

ಪ್ರಿನ್ಸಿಪಾಲರ ತಿರುಗುವ ಕುರ್ಚಿ ಬಂತು. ಮಾಂತು ರುದ್ರವ್ವನನ್ನು ತನ್ನ ಸುರಕ್ಷಾ ಪಟ್ಟಿಯಿಂದ ಅದಕ್ಕೆ ಬಿಗಿದು, ಕುರ್ಚಿಯನ್ನು ನಾಲ್ಕು ಪಟ್ಟಿಗಳಿಂದ ಕೊಕ್ಕೆಗೆ ಹಾಕಿ, ಪ್ರತಿ ಗಂಟನ್ನೂ ಎರಡೆರಡು ಸಲ ಎಳೆದು ನೋಡಿದ. ಆಗ ಮೋಹನದಾಸರಿಗೆ ಹಳೆಯ ಭಯವೊಂದು ನೆನಪಾಯಿತು. ಯುದ್ಧವಿಮಾನದ ಸೀಟು ಪೈಲಟ್ಟನನ್ನು ಮೇಲಕ್ಕೆ ಎಸೆಯುತ್ತದಂತೆ, ಅದರಡಿಯಲ್ಲಿ ಮದ್ದಿರುತ್ತದಂತೆ. ಅದು ತೆಗೆದಿದೆಯೋ ಇಲ್ಲವೋ ಯಾರಿಗೆ ಗೊತ್ತು? ತಮಗಂತೂ ಗೊತ್ತಿಲ್ಲ. ವಿಮಾನ ಬಂದಾಗಿನಿಂದ ಹುಡುಗರನ್ನೂ ಅದರಲ್ಲಿ ಕೂರಲು ಬಿಟ್ಟಿಲ್ಲ.

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಮುಖ್ಯ ಅತಿಥಿ ನಾಲ್ಕು ಹೆಜ್ಜೆ.

ಶಿವರುದ್ರಪ್ಪ ಮುಂದೆ ಬಂದ. ಜೀವನದಲ್ಲಿ ಮೊದಲ ಬಾರಿಗೆ ಅವನ ಹೊಟ್ಟೆ ಒಳಗೂ ಎದೆ ಹೊರಗೂ ಇದ್ದವು.

"ಏಳುನೂರ ನಲವತ್ತೊಂದು. ಸೀಟಿನ ಮದ್ದು ತೆಗೆದ ಪ್ರಮಾಣಪತ್ರ ಫೈಲಿನ ಹನ್ನೆರಡನೆಯ ಹಾಳೆ. ಅದು ಬರುವವರೆಗೆ ನಾನು ಹನ್ನೊಂದು ದಿನ ಈ ವಿಮಾನದ ಫೈಲು ತಡೆದು ಹಿಡಿದಿದ್ದೆ. ಮೇಲಿನವರು ಬೈದರೂ ಬಿಟ್ಟಿರಲಿಲ್ಲ. ನೋಡಿ."

ವಿಮಾನದೊಂದಿಗೆ ಬಂದ ಫೈಲಿದ್ದ ಕಪಾಟು ತೆರೆಸಿದರು. ಹನ್ನೆರಡನೆಯ ಹಾಳೆ ಇತ್ತು. ಕೆಳಗೆ ಸಹಿ ಇತ್ತು. ಅವನು ಹೇಳಿದ್ದಕ್ಕೂ ಕಾಗದಕ್ಕೂ ಒಂದು ಚುಕ್ಕೆಯ ವ್ಯತ್ಯಾಸವಿರಲಿಲ್ಲ. ಆದರೂ ಅವನು ಏಣಿ ಹತ್ತಿ ಮೊದಲು ತಾನೇ ಆ ಸೀಟಿನಲ್ಲಿ ಕೂತ. ವಿಮಾನ ನಿಂತೇ ಇದ್ದರೂ ಹೊಟ್ಟೆ ತೊಳೆಸಿತು. ಇಳಿದು ಬಂದು, "ಎತ್ತಪಾ," ಎಂದ.

ಕ್ರೇನು ಗುರುಗುಟ್ಟಿತು. ರುದ್ರವ್ವ ನೆಲ ಬಿಟ್ಟಳು. ಹಸಿರು ಸೆರಗು ಗಾಳಿಗೆ ಹಾರಿತು, ಕುರ್ಚಿ ಒಂದು ಸುತ್ತು ತಿರುಗಿತು, ಹುಡುಗರು ಮೊಬೈಲು ಎತ್ತಿದರು. ಮೇಲಿಂದ ಅವಳ ದನಿ ಬಂತು.

"ಶಿವರುದ್ರಾ, ಇಲ್ಲಿಂದ ನಿನ್ನ ಬೊಕ್ಕತಲಿ ಭಾಳ ಛಂದ ಕಾಣತದ."

ಮಾಂತು ಅವಳನ್ನು ಅಂಗಳದ ಮೇಲೆ ಒಂದು ಸುತ್ತು ಹೆಚ್ಚೇ ತಿರುಗಿಸಿದ. ಕೇಳಿದರೆ ಗಾಳಿ ಎಂದ. ಆಮೇಲೆ ಮೆಲ್ಲಗೆ ವಿಮಾನದ ತೆರೆದ ಬಾಯಿಯ ಬಳಿ ತಂದ. ಅಷ್ಟರಲ್ಲಿ ಏಣಿ ಹತ್ತಿದ್ದ ಮಗ, ಸೊಸೆ ಇಬ್ಬರೂ ಪಟ್ಟಿ ಬಿಚ್ಚಿ ಅವಳನ್ನು ಒಳಕ್ಕೆ ಜಾರಿಸಿದರು. ರುದ್ರವ್ವ ಸೀಟಿನಲ್ಲಿ ಕೂತಳು. ಸೀರೆ ಸರಿಮಾಡಿಕೊಂಡಳು. ಎದುರಿನ ಗಡಿಯಾರದಂಥ ಮುಳ್ಳುಗಳನ್ನೆಲ್ಲ ನೋಡಿ, ಒಂದೂ ಓಡುತ್ತಿಲ್ಲವೆಂದು ತಲೆಯಾಡಿಸಿ, ಬಲಗೈ ಹೊರಚಾಚಿದಳು.

ನೀತಾ ಡಬ್ಬಿ ತೆರೆದಳು. ರುದ್ರವ್ವ ಒಂದು ತುಣುಕು ಮುರಿದು ವಿಮಾನದ ಮುಳ್ಳುಗಳ ಮುಂದೆ ಇಟ್ಟಳು, ಉಳಿದದ್ದನ್ನು ಬಾಯಿಗಿಟ್ಟಳು. ಕೆಳಗೆ ಪೆಂಡಾಲು, ಪ್ರಿನ್ಸಿಪಾಲರು, ಬಿಂದುಮಾಧವ, ಎಲ್ಲ ಕಾಯುತ್ತಿದ್ದರು. ಚಿತ್ರಾತಾಯಿ ಎರಡೂ ಕೈ ಮುಗಿದುಕೊಂಡಿದ್ದಳು. ರುದ್ರವ್ವ ಬಹಳ ಹೊತ್ತು ಅಗಿದಳು.

"ಹೂರಣ ಇನ್ನಷ್ಟ ನುಣ್ಣಗ ಅರೀಬೇಕಿತ್ತು," ಎಂದಳು. "ಇನ್ನೊಂದ್ ಕೊಡ."

ಶಿವರುದ್ರಪ್ಪ ಏಣಿಯಿಂದಿಳಿದು ಮೋಹನದಾಸರ ಕೈಯಿಂದ ಆ ಫಾರ್ಮನ್ನು ಇಸಿದುಕೊಂಡ. ತಲೆಬರಹದಲ್ಲಿ 'ವಿಮಾನ' ಎಂದಿದ್ದುದನ್ನು ಅಚ್ಚಾಗಿದ್ದರೂ ಲೆಕ್ಕಿಸದೆ ಹೊಡೆದುಹಾಕಿ 'ಅವ್ವ' ಎಂದು ಬರೆದ. ಒಂದು ಕ್ಷಣ ಯೋಚಿಸಿ 'ನಿವೃತ್ತ' ಎಂಬುದನ್ನೂ ಹೊಡೆದ. 'ಒಟ್ಟು ಹಾರಾಟ'ದ ಎದುರು ಸೊನ್ನೆ ಕಾಟು ಹಾಕಿ 'ನಾಲ್ಕು ನಿಮಿಷ' ಎಂದು ತುಂಬಿ, ಕೆಳಗೆ ಸಹಿ ಮಾಡಿದ. ಅವ್ವನೂ ಸೇರಿ ಅವನ ಪೆನ್ನಿಗೆ ಬಿದ್ದ ಇನ್ನೂರ ಹದಿನೈದರಲ್ಲಿ, ಕಾಗದ ಮುಗಿದ ಮೇಲೂ ಹಾರಿದ್ದು ಅದೊಂದೇ.